ಸೂಜಿ-ಗುಂಡಿ ದೇಶದ ಅಂಚೆಚೀಟಿ

ಟಪಾಲಪ್ಪನ ದವಡೆ ಹಲ್ಲು ಇನ್ನೊಂದು ದಿನ ತಡೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹಲ್ಲಿಗೆ ಕಚೇರಿಯ ವ್ಯವಹಾರ ಎಲ್ಲಿ ಗೊತ್ತಾಗಬೇಕು? ಅದು ತನ್ನ ಪಾಡಿಗೆ ನೋಯತೊಡಗಿತು. ಟಪಾಲಪ್ಪ ಎಷ್ಟೋ ವರ್ಷಗಳ ಮೇಲೆ ಒಂದು ದಿನ ರಜೆ ಹಾಕಿ ಅದನ್ನು ಕೀಳಿಸಿಕೊಂಡ. ಮರುದಿನ ಎಡಗೆನ್ನೆಯನ್ನು ಬನ್ನಿನಷ್ಟು ಊದಿಸಿಕೊಂಡು ತೂಕ ಮತ್ತು ಅಳತೆ ಇಲಾಖೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿಹೋಗಿತ್ತು.

ಟಪಾಲಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕಚೇರಿಗೆ ಬರುವ ಟಪಾಲನ್ನೆಲ್ಲ ಚೀಲದಿಂದ ಸುರಿದು, ಬಿಡಿಸಿ, ಸ್ವೀಕರಿಸಿದ್ದೇವೆ ಎಂಬ ಮೊಹರು ಕುಟ್ಟಿ, ಮೇಜು ಮೇಜಿಗೆ ಹಂಚುವುದು ಅವನ ಕೆಲಸ. ಕುಟ್ಟಿ ಕುಟ್ಟಿ ಹೆಸರೂ ಹಾಗೇ ಅಂಟಿಕೊಂಡಿತು. ಸಿಟ್ಟು ಬಂದಾಗ ಹೆಂಡತಿಯೂ ಅವನನ್ನು ಟಪಾಲಪ್ಪ ಎಂದೇ ಕರೆಯುತ್ತಿದ್ದಳು, ಅಂದರೆ ಹೆಚ್ಚುಕಡಿಮೆ ಯಾವಾಗಲೂ.

ಈ ಮನುಷ್ಯನಿಗೆ ಒಂದು ಹುಚ್ಚಿತ್ತು. ಹಳೆಯ ಕ್ಯಾಲೆಂಡರು, ಹರಿದ ನಕ್ಷೆ, ಬಿಸ್ಕತ್ತಿನ ಪೊಟ್ಟಣ, ಹೀಗೆ ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಮಡಿಸಿ ಲಕೋಟೆ ಮಾಡುವುದು. ಶಾಲೆಯ ಮಕ್ಕಳು ಉಪಯೋಗಿಸುವ ರಬ್ಬರನ್ನು ಬ್ಲೇಡಿನಿಂದ ಕೆತ್ತಿ, ಚಿತ್ರದ ಅಚ್ಚು ಮಾಡಿ, ಲಕೋಟೆಯ ಮೇಲೆ ಒತ್ತುವುದು. ಆಮೇಲೆ ಅದನ್ನು ಮುಖ ಕಂಡಿಲ್ಲದ, ಮಾತು ಕೇಳಿಲ್ಲದ ದೂರದೇಶದವರಿಗೆ ಅಂಚೆಯಲ್ಲಿ ಕಳಿಸುವುದು. ಅವರೂ ಇಂಥದೇ ಹುಚ್ಚರು. ಒಂದು ಕಳಿಸಿದರೆ ಒಂದು ಬರುತ್ತದೆ, ಕಳಿಸದಿದ್ದರೆ ಬರುವುದಿಲ್ಲ. ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಅವರ ಲೋಕಕ್ಕೆ ಇರುವ ಕಾನೂನು ಇಷ್ಟೇ.

ಲಕೋಟೆ ಸಾಲದು ಎಂದು ಆ ಪೈಕಿ ಕೆಲವರು ಇಲ್ಲದ ದೇಶವೊಂದನ್ನು ಕಲ್ಪಿಸಿಕೊಂಡು, ಆ ದೇಶದ ಅಂಚೆಚೀಟಿಯನ್ನೂ ತಾವೇ ಮಾಡಿ, ಅಸಲಿ ಅಂಚೆಚೀಟಿಯ ಪಕ್ಕ ಅಂಟಿಸುತ್ತಾರೆ. ಅಂಚೆಯವರು ಗಡಿಬಿಡಿಯಲ್ಲಿ ಎರಡರ ಮೇಲೂ ಮುದ್ರೆ ಹೊಡೆದುಬಿಟ್ಟರೆ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು. ದೇಶ ಕಟ್ಟಿದ ಮೇಲೆ ಪದವಿ ಬೇಡವೇ? ಒಬ್ಬ ತನ್ನನ್ನು ಧೂಳಿನ ಮಹಾರಾಜ ಎಂದು ಕರೆದುಕೊಂಡ. ಇನ್ನೊಬ್ಬಳು ಕಳೆದುಹೋದ ಕೊಡೆಗಳ ರಾಯಭಾರಿ. ನಮ್ಮ ಟಪಾಲಪ್ಪ ತುಂಬ ಯೋಚಿಸಿ, ನಾಚಿಕೊಂಡು, ಆಸೆಪಟ್ಟು, ತನ್ನ ಇಲಾಖೆಯ ದೊಡ್ಡ ಸಾಹೇಬರಿಗಿದ್ದ 'ನಿರ್ದೇಶಕರು' ಎಂಬ ಪದವಿಯನ್ನು ತನಗೆ ತಾನೇ ದಯಪಾಲಿಸಿಕೊಂಡ. ವಿಳಾಸ ಮಾತ್ರ ಕಚೇರಿಯದು.

ಮನೆಯ ವಿಳಾಸ ಕೊಡುವ ಧೈರ್ಯ ಅವನಿಗಿರಲಿಲ್ಲ. ಮೊದಮೊದಲು ಲಕೋಟೆಗಳು ಮನೆಯಲ್ಲೇ ಇದ್ದವು. ಬಟ್ಟೆಯ ಕಪಾಟು ತುಂಬಿತು, ಹಾಸಿಗೆಯ ಕೆಳಗೆ ತುಂಬಿತು, ಕೊನೆಗೆ ಅಡುಗೆಮನೆಗೆ ನುಗ್ಗಿದವು. ಒಂದು ಬೆಳಿಗ್ಗೆ ಅವನ ಅತ್ತೆ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದಾಗ ಒಳಗಿನಿಂದ ಕಾಗದದ ಗೂಬೆಯೊಂದು ಕಣ್ಣು ಬಿಟ್ಟುಕೊಂಡು ಬಂತು. ಅತ್ತೆ ಅಂದೇ ತಮ್ಮೂರಿಗೆ ಹೊರಟರು. ಹೆಂಡತಿ ಹೇಳಿದಳು: "ಇನ್ನೊಂದು ಕವರ್ ಈ ಮನೆ ಹೊಸ್ತಿಲು ದಾಟಿ ಒಳಗೆ ಬಂದ್ರೆ, ನಾನು ಅದೇ ಹೊಸ್ತಿಲು ದಾಟಿ ಹೊರಗೆ ಹೋಗ್ತೀನಿ."

ಹೀಗೆ ಗಡೀಪಾರಾದ ಸಂಗ್ರಹವೆಲ್ಲ ಕಚೇರಿಯ ಹಳೇ ಕಡತಗಳ ಕೋಣೆಯಲ್ಲಿ, ಮುರಿದ ದೊಡ್ಡ ತಕ್ಕಡಿಯ ಹಿಂದೆ, ರಟ್ಟಿನ ಪೆಟ್ಟಿಗೆಗಳಲ್ಲಿ ತಲೆಮರೆಸಿಕೊಂಡಿತ್ತು. ಆ ಪೆಟ್ಟಿಗೆಗಳೇ ಅವನ ಆಸ್ತಿ, ಪಾಸ್ತಿ, ಪ್ರಾಣ. 'ನಿರ್ದೇಶಕರಿಗೆ' ಎಂದು ಬರುವ ಪರದೇಶದ ಲಕೋಟೆಗಳನ್ನು ಚೀಲದಿಂದ ಮೊದಲು ಎತ್ತುವವನು ಅವನೇ ಆದ್ದರಿಂದ, ನಿಜವಾದ ನಿರ್ದೇಶಕರಿಗೆ ಅವುಗಳ ಗಾಳಿಯೂ ಸೋಕಿರಲಿಲ್ಲ. ಟಪಾಲಪ್ಪ ರಜೆ ಹಾಕದ ಕಾರಣ ಈಗ ನಿಮಗೆ ತಿಳಿಯಿತು. ಅದನ್ನು ಕರ್ತವ್ಯನಿಷ್ಠೆ ಎಂದುಕೊಂಡು ಇಲಾಖೆ ಅವನಿಗೆ ಒಮ್ಮೆ ಗೋಡೆ ಗಡಿಯಾರ ಬಹುಮಾನ ಕೊಟ್ಟಿತ್ತು.

ಮೆಟ್ಟಿಲು ಹತ್ತಿ ಬಂದವನನ್ನು ಹೆಡ್ ಗುಮಾಸ್ತರು ಬಾಗಿಲಲ್ಲೇ ಹಿಡಿದರು.

"ಏನ್ರೀ ಟಪಾಲಪ್ಪ, ನೀವು ಇಲ್ಲದ ದಿನವೇ ಇಂಥದ್ದು ಆಗ್ಬೇಕಾ? ನಮ್ಮ ಸಾಹೇಬ್ರ ಮುಖ ಫಾರಿನ್ ಸ್ಟಾಂಪಲ್ಲಿ ಬಂದಿದೆ!"

ಟಪಾಲಪ್ಪನ ಊದದ ಕೆನ್ನೆಯೂ ಆಗ ಬಿಳುಚಿಕೊಂಡಿತು.

ನಿರ್ದೇಶಕರ ಕೋಣೆಯಲ್ಲಿ ಇಡೀ ಕಚೇರಿ ನೆರೆದಿತ್ತು. ಮೇಜಿನ ಮೇಲೆ ನೀಲಿ ಲಕೋಟೆ. ಅದರ ಮೂಲೆಯಲ್ಲಿ ಒಂದು ಅಸಲಿ ಅಂಚೆಚೀಟಿ, ಪಕ್ಕದಲ್ಲಿ ಇನ್ನೊಂದು. ಎರಡರ ಮೇಲೂ ದುಂಡಗೆ ಅಂಚೆಯ ಮುದ್ರೆ. ಆ ಇನ್ನೊಂದರಲ್ಲಿ ನಿರ್ದೇಶಕರೇ ಇದ್ದರು: ಬೋಳುತಲೆ, ಎರಡು ಮಡಿಕೆಯ ಗಲ್ಲ, ಮೂಗಿನ ತುದಿಗೆ ಜಾರಿದ ಕನ್ನಡಕ, ಮುಚ್ಚಿದ ಕಣ್ಣು, ಸ್ವಲ್ಪವೇ ಸ್ವಲ್ಪ ತೆರೆದ ಬಾಯಿ.

ಇದು ಎಲ್ಲಿಂದ ಬಂತೆಂದು ಟಪಾಲಪ್ಪನಿಗೆ ಗೊತ್ತಿತ್ತು. ಊಟದ ನಂತರ ಟಪಾಲಪ್ಪ ತಂದ ಕಾಗದಗಳಿಗೆ ನಿರ್ದೇಶಕರು ಸಹಿ ಮಾಡುವ ಹೊತ್ತು. ಒಂದೆರಡು ಸಹಿಯಾದ ಮೇಲೆ ಪೆನ್ನು ಕೈಯಲ್ಲಿ ನೆಟ್ಟಗೆ ನಿಂತೇ ಇರುತ್ತಿತ್ತು, ಅವರು ಮಾತ್ರ ಕೂತಲ್ಲೇ ಬೇರೆ ಲೋಕಕ್ಕೆ ಹೋಗಿಬಿಡುತ್ತಿದ್ದರು. ಎಬ್ಬಿಸುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಕಾದು ಕಾದು ಬೇಸತ್ತ ಟಪಾಲಪ್ಪ ಒಂದು ಮಧ್ಯಾಹ್ನ ಜೇಬಿನಿಂದ ರಬ್ಬರು, ಬ್ಲೇಡು ತೆಗೆದು ಆ ಮುಖವನ್ನು ಕೆತ್ತಿಬಿಟ್ಟ. ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಲಾಗದೆ ಅದರ ಒಂದು ಅಚ್ಚನ್ನು ಕಡಲಾಚೆಯ ದರ್ಜಿಯಮ್ಮನಿಗೆ ಕಳಿಸಿದ. ಆಕೆ ಹೊಲಿಗೆ ಯಂತ್ರಕ್ಕೆ ದಾರ ಹಾಕದೆ ಬರಿಯ ಸೂಜಿ ಓಡಿಸಿ ಅಂಚೆಚೀಟಿಯ ಅಂಚಿನ ತೂತುಗಳನ್ನು ಮಾಡುವುದರಲ್ಲಿ ನಿಪುಣೆ. ಆಕೆಯ ಕಲ್ಪನೆಯ ದೇಶದ ಲಾಂಛನ ಒಂದು ಸೂಜಿ, ಕೆಳಗೊಂದು ಗುಂಡಿ. ಆ ದೇಶ ಈಗ ನಿದ್ರಿಸುತ್ತಿರುವ ನಿರ್ದೇಶಕರನ್ನು ಗೌರವಿಸಿ ಅಂಚೆಚೀಟಿ ಹೊರಡಿಸಿತ್ತು.

"ಬನ್ರಿ ಟಪಾಲಪ್ಪ," ನಿರ್ದೇಶಕರು ಕರೆದರು. ಆ ದನಿಯಲ್ಲಿ ಜೇನು ಸುರಿಯುತ್ತಿತ್ತು, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. "ಇದೇನು ಹೇಳಿ ನೋಡೋಣ."

"ಹ್ಞಾಂ," ಎಂದ ಟಪಾಲಪ್ಪ. ಕೆನ್ನೆಯೊಳಗೆ ಹತ್ತಿಯ ಉಂಡೆ ಇತ್ತು.

"ಸೂಜಿ ಥರ ಕಾಣ್ತಿದೆ ಅಲ್ವಾ? ಸಾಮಾನ್ಯ ಜನರಿಗೆ ಹಾಗೇ ಕಾಣೋದು. ಇದು ತಕ್ಕಡಿಯ ಮುಳ್ಳು! ಕೆಳಗಿರೋದು ತೂಕದ ಕಲ್ಲು. ತೂಕ-ಅಳತೆಯನ್ನೇ ರಾಷ್ಟ್ರಲಾಂಛನ ಮಾಡ್ಕೊಂಡಿರೋ ದೇಶ. ಸಣ್ಣ ದೇಶ ಇರ್ಬೇಕು. ಆದ್ರೆ ಪ್ರಾಮಾಣಿಕ ದೇಶ."

"ಕಣ್ಣು ಮುಚ್ಚಿದೆಯಲ್ಲ ಸಾರ್," ಎಂದ ಜವಾನ.

"ಧ್ಯಾನ," ಎಂದರು ನಿರ್ದೇಶಕರು.

"ಬಾಯಿ ತೆರೆದಿದೆ ಸಾರ್."

"ಅದು ಉಸಿರಾಟದ ಒಂದು ಕ್ರಮ. ನಿನಗೆ ತಿಳಿಯೋದಲ್ಲ, ಹೋಗು."

ಲಕೋಟೆಯೊಳಗೆ ಕಾಗದವಿರಲಿಲ್ಲ. ಅಂಗೈಯಗಲದ ಬಟ್ಟೆಯ ತುಂಡು, ಅದಕ್ಕೆ ಹೊಲಿದ ಒಂದು ಕೆಂಪು ಗುಂಡಿ, ಅಷ್ಟೇ ಇತ್ತು. ಅದು ದರ್ಜಿಯಮ್ಮನ ವಾಡಿಕೆಯ ಉಡುಗೊರೆ. ನಿರ್ದೇಶಕರು ಅದನ್ನು ಪದಕವೆಂದು ತಿಳಿದು ಕೋಟಿನ ಎದೆಯ ಮೇಲೆ ಪಿನ್ನು ಚುಚ್ಚಿಕೊಂಡಿದ್ದರು.

"ನನ್ನ ರೂಪ, ನನ್ನ ಕೆಲಸ ಅವರಿಗೆ ತಲುಪಿಸಿದವರು ಯಾರೋ ಈ ಕಚೇರಿಯಲ್ಲೇ ಇದ್ದಾರೆ," ಎಂದು ಅವರು ಎಲ್ಲರ ಮುಖ ನೋಡಿದರು. "ಯಾರದು?"

ಟಪಾಲಪ್ಪ ಗುಂಪಿನ ಹಿಂದಕ್ಕೆ ಸರಿದ. ಅಷ್ಟರಲ್ಲಿ ಹೆಡ್ ಗುಮಾಸ್ತರು ನೆಲ ನೋಡುತ್ತ ಮುಗುಳ್ನಕ್ಕರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಏನೂ ಹೇಳದೆ ಎಲ್ಲ ಹೇಳಿಬಿಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಿರ್ದೇಶಕರು ಅವರ ಬೆನ್ನು ತಟ್ಟಿದರು. ಟಪಾಲಪ್ಪ ಉಳಿದುಕೊಂಡೆ ಎಂದು ಉಸಿರು ಬಿಟ್ಟ. ಹಿಂದೆ ಒಬ್ಬ ಗುಮಾಸ್ತ ನಿರ್ದೇಶಕರ ವ್ಯಂಗ್ಯಚಿತ್ರ ಬರೆದು ಸಿಕ್ಕಿಬಿದ್ದಿದ್ದ. ಅವನು ಈಗ ದೂರದ ಗಡಿ ನಾಕೆಯಲ್ಲಿ ಕುರಿ ತೂಗುತ್ತಿದ್ದಾನೆ, ಮತ್ತು ಅಲ್ಲಿ ಕುರಿ ಬರುವುದೂ ಅಪರೂಪ.

ಆದರೆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಹೆಡ್ ಗುಮಾಸ್ತರು ಸಲಹೆ ಕೊಟ್ಟಾಗಿತ್ತು: "ಇದಕ್ಕೊಂದು ಸಮಾರಂಭ ಆಗ್ಲೇಬೇಕು ಸಾರ್. ದೊಡ್ಡ ಪೋಸ್ಟ್ ಮಾಸ್ಟರನ್ನೇ ಮುಖ್ಯ ಅತಿಥಿಯಾಗಿ ಕರೆಸೋಣ. ಜಾಗಕ್ಕೇನು, ಹಳೇ ಕಡತಗಳ ಕೋಣೆ ಇದೆಯಲ್ಲ. ಅಲ್ಲಿರೋ ಕಸವೆಲ್ಲ ರದ್ದಿಯವನಿಗೆ ಕೊಟ್ಟು ಖಾಲಿ ಮಾಡಿಸಿದ್ರೆ ಆಯ್ತು."

ಟಪಾಲಪ್ಪ ಏನೋ ಹೇಳಹೋದ. ಹತ್ತಿ ಅಡ್ಡ ಬಂತು. "ಹ್ಞೂಂ ಹ್ಞೂಂ ಹ್ಞೂಂ," ಎಂದು ಎರಡೂ ಕೈ ಆಡಿಸಿದ.

"ನೋಡಿ, ಟಪಾಲಪ್ಪನಿಗೂ ಎಷ್ಟು ಉತ್ಸಾಹ," ಎಂದರು ನಿರ್ದೇಶಕರು.

ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ಅವನು ಕಡತಗಳ ಕೋಣೆಗೆ ಓಡಿದ. ಬಾಗಿಲಿಗೆ ಬೀಗ, ಬೀಗದ ಮೇಲೆ ತಂತಿ, ತಂತಿಯ ಮೇಲೆ ಇಲಾಖೆಯ ಸೀಸದ ಮುದ್ರೆ. ಅಂಗಡಿಯವರ ಮೋಸದ ತಕ್ಕಡಿಗೆ ಹಾಕುವ ಮುದ್ರೆ ಅದು. ಒಡೆದರೆ ಜೈಲು.

"ಕಡತ ಯಾವುದೂ ಕಳವಾಗಬಾರ್ದು ಅಂತ ಹೆಡ್ ಗುಮಾಸ್ತರು ಹಾಕ್ಸಿದ್ದು," ಎಂದ ಜವಾನ. "ಸಮಾರಂಭದ ದಿನವೇ ಬೆಳಿಗ್ಗೆ ತೆಗೆಯೋದು. ಹಿಂದಿನ ಬಾಗಿಲಿಂದ ರದ್ದಿ ಆಚೆ, ಮುಂದಿನ ಬಾಗಿಲಿಂದ ಕುರ್ಚಿ ಒಳಗೆ."

ಟಪಾಲಪ್ಪ ಕಿಟಕಿಯ ಗಾಜಿಗೆ ಹಣೆ ಒತ್ತಿ ನೋಡಿದ. ಮುರಿದ ತಕ್ಕಡಿಯ ಹಿಂದೆ ಪೆಟ್ಟಿಗೆಗಳ ಮೂಲೆ ಕಾಣುತ್ತಿತ್ತು. ಧೂಳಿನ ಮಹಾರಾಜ, ಕೊಡೆಗಳ ರಾಯಭಾರಿ, ಈಗ ಬದುಕಿಲ್ಲದ ಒಬ್ಬ ದೀಪಸ್ತಂಭದ ಕಾವಲುಗಾರ ಸಮುದ್ರದ ನೀರಿನಿಂದ ಬಣ್ಣ ಕಲಸಿ ಬರೆದ ಮೀನುಗಳು, ಎಲ್ಲರೂ ಅದರೊಳಗಿದ್ದರು. ಅವನಿಗೆ ನಿಜವಾಗಿಯೂ ಅಳು ಬಂತು. ಕೆನ್ನೆ ಊದಿದ್ದರಿಂದ ಅಳುವುದೂ ನೋವಾಯಿತು.

ಮನೆಯಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಸುದ್ದಿ ತಂದವನು ಮಹಡಿಯ ಮೇಲೆ ವಾಸವಾಗಿದ್ದ ಭಾವಮೈದುನ, ಹೆಂಡತಿಯ ಒಡಹುಟ್ಟಿದ ತಮ್ಮ, ವಿಮಾ ಏಜೆಂಟ್.

"ಭಾವ, ನಿಮ್ಮ ಸಾಹೇಬ್ರಂತೂ ಎಲ್ಲೋ ಹೋಗ್ಬಿಟ್ರು! ಸ್ಟಾಂಪಿಗೇ ಹತ್ಬಿಟ್ರಲ್ಲ! ಬದುಕಿರುವಾಗ ಸ್ಟಾಂಪಿಗೆ ಹತ್ತೋದು ಅಂದ್ರೆ ಸಣ್ಣ ಮಾತಾ? ಅವರ ಪಾಲಿಸಿ ನನ್ನ ಹತ್ರವೇ ಮಾಡಿಸ್ಬೇಕು, ನೀವೊಂದು ಮಾತು ಹೇಳ್ಬೇಕು."

ಹೆಂಡತಿ ತಟ್ಟೆ ಕುಕ್ಕಿದಳು. "ನೀವೂ ಇದ್ದೀರಿ. ಇಷ್ಟು ವರ್ಷ ಕತ್ತರಿಸಿದ್ದೇ ಕತ್ತರಿಸಿದ್ದು, ಅಂಟಿಸಿದ್ದೇ ಅಂಟಿಸಿದ್ದು. ಏನು ಬಂತು? ಅವರನ್ನ ನೋಡಿ. ಸುಮ್ಮನೆ ಕೂತ್ಕೊಂಡೇ ಸ್ಟಾಂಪ್ ಆದ್ರು!"

ಇಂಥ ಮಾತನ್ನು ಕಲ್ಲೂ ಸಹಿಸದು. ಭಾವಮೈದುನ ಮಹಡಿ ಹತ್ತಿದ್ದೇ ತಡ, ಟಪಾಲಪ್ಪ ಬಾಯಿಂದ ಹತ್ತಿಯ ಉಂಡೆ ಕಿತ್ತೆಸೆದು ನಡೆದದ್ದನ್ನೆಲ್ಲ ಹೇಳಿಬಿಟ್ಟ. ರಬ್ಬರು, ಬ್ಲೇಡು, ದರ್ಜಿಯಮ್ಮ, ನಿರ್ದೇಶಕ ಪದವಿ, ಎಲ್ಲ. ಕೇಳುತ್ತ ಕೇಳುತ್ತ ಹೆಂಡತಿ ಕುರ್ಚಿಯ ಮೇಲೆ ಕುಸಿದಳು.

"ಅಂದ್ರೆ, ನಿದ್ದೆ ಮಾಡ್ತಿರೋ ಸಾಹೇಬರನ್ನ ನೀವು ಕೆತ್ತಿದ್ದು?"

"ಹೌದು."

"ಅದನ್ನ ಊರೆಲ್ಲ ಸೇರಿ ಸನ್ಮಾನ ಮಾಡ್ತಿದ್ದಾರೆ?"

"ಹೌದು. ಅದಕ್ಕೆ ನನ್ನ ಪೆಟ್ಟಿಗೆಗಳೆಲ್ಲ ರದ್ದಿಗೆ ಹೋಗ್ತಿವೆ."

"ಹೋಗ್ಲಿ!" ಎಂದಳು. "ಪೆಟ್ಟಿಗೆ ಹೋದ್ರೆ ಪೆಟ್ಟಿಗೆ ಹೋಯ್ತು. ಬಾಯಿ ಬಿಟ್ರೆ ನೀವು ಗಡಿಗೆ ಹೋಗ್ತೀರಿ. ಕುರಿ ತೂಗೋಕೆ ನಾನು ಬರಲ್ಲ. ನನ್ನ ಮೇಲೆ ಆಣೆ, ಒಂದು ಮಾತು ಆಡ್ಬೇಡಿ. ಆ ಹತ್ತಿ ಎಲ್ಲಿ? ಬಾಯಲ್ಲಿ ಇಟ್ಕೊಳ್ಳಿ!"

ಸಮಾರಂಭದ ದಿನದವರೆಗೂ ಟಪಾಲಪ್ಪ ಹತ್ತಿ ಇಟ್ಟುಕೊಂಡೇ ಓಡಾಡಿದ. ಊತ ಇಳಿದು ಎಷ್ಟೋ ದಿನವಾಗಿತ್ತು.

ಆ ಬೆಳಿಗ್ಗೆ ಕಡತಗಳ ಕೋಣೆಯನ್ನು ಗುರುತೇ ಸಿಗದಂತೆ ಮಾಡಿದ್ದರು. ಸಾಲು ಕುರ್ಚಿ, ಮೇಜಿನ ಮೇಲೆ ಬಿಳಿ ಬಟ್ಟೆ, ಹೂಗುಚ್ಛ, ಫಳಫಳ ಉಜ್ಜಿದ ಹಿತ್ತಾಳೆಯ ತೂಕದ ಕಲ್ಲುಗಳು. ಹಿಂದಿನ ಗೋಡೆಗೆ ಆ ಅಂಚೆಚೀಟಿಯನ್ನೇ ಬಾಗಿಲಿನಷ್ಟು ದೊಡ್ಡದು ಮಾಡಿಸಿ ತೂಗುಹಾಕಿದ್ದರು. ಸಣ್ಣದರಲ್ಲಿ ಒಂದಿಷ್ಟೇ ತೆರೆದಂತೆ ಕಾಣುತ್ತಿದ್ದ ಬಾಯಿ ಈಗ ಪಾರಿವಾಳವೊಂದು ಸಂಸಾರ ಹೂಡಬಹುದಾದಷ್ಟು ವಿಶಾಲವಾಗಿತ್ತು. ಪೆಟ್ಟಿಗೆಗಳು ಇದ್ದ ಜಾಗದಲ್ಲಿ ಮೈಕಿನವನು ಕೂತಿದ್ದ.

ಟಪಾಲಪ್ಪನಿಗೆ ಕಿಟಕಿಯ ಪಕ್ಕದ ಕುರ್ಚಿ ಸಿಕ್ಕಿತು. ಅದು ಅವನ ಗ್ರಹಚಾರ. ಹೊರಗೆ ಹಿತ್ತಿಲಲ್ಲಿ ರದ್ದಿಯವನ ತಳ್ಳುಗಾಡಿ ನಿಂತಿತ್ತು. ಹಳೇ ಕಡತಗಳನ್ನು ಕಟ್ಟು ಕಟ್ಟಾಗಿ ತೂಗಿ ಅವನು ಗಾಡಿಗೆ ಎಸೆಯುತ್ತಿದ್ದ. ಪೆಟ್ಟಿಗೆಗಳು ಗೋಡೆಗೆ ಒರಗಿ ತಮ್ಮ ಸರದಿಗೆ ಕಾಯುತ್ತಿದ್ದವು. ಒಳಗೆ ಒಂದೊಂದು ಭಾಷಣ ಮುಗಿದ ಹಾಗೆ ಹೊರಗೆ ಒಂದೊಂದು ಕಟ್ಟು ಕರಗುತ್ತಿತ್ತು. ಟಪಾಲಪ್ಪನ ಒಂದು ಕಣ್ಣು ವೇದಿಕೆಯ ಮೇಲೆ, ಇನ್ನೊಂದು ಕಣ್ಣು ಹಿತ್ತಿಲ ಮೇಲೆ. ಪಕ್ಕದಲ್ಲಿ ಹೆಂಡತಿ ಅವನ ಮಣಿಕಟ್ಟನ್ನು ಪೊಲೀಸಿನವರ ಹಾಗೆ ಹಿಡಿದುಕೊಂಡಿದ್ದಳು.

ಅವನಿಗೆ ಒಂದೇ ಆಸೆ ಉಳಿದಿತ್ತು. ಪೋಸ್ಟ್ ಮಾಸ್ಟರು ಬಲ್ಲವರು, ಅಂಚೆಚೀಟಿಗಳ ನಡುವೆಯೇ ತಲೆ ನರೆತವರು. ಅವರು ಒಂದು ಸಲ ಕಣ್ಣಾಡಿಸಿದರೆ ಸಾಕು, ಇದು ನಕಲಿ ಎಂದುಬಿಡುತ್ತಾರೆ. ಸಮಾರಂಭ ಮುರಿದುಬೀಳುತ್ತದೆ. ಆ ಗಲಾಟೆಯಲ್ಲಿ ಹಿತ್ತಿಲಿಗೆ ಓಡಿ ಪೆಟ್ಟಿಗೆಗಳನ್ನು ಎತ್ತಿಕೊಂಡರೆ ಯಾರು ಕೇಳುತ್ತಾರೆ?

ಪೋಸ್ಟ್ ಮಾಸ್ಟರು ಎದ್ದರು. ಜೇಬಿನಿಂದ ಭೂತಗನ್ನಡಿ ತೆಗೆದರು. ಲಕೋಟೆಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮೂಸಿದರು. ಅವರ ಹುಬ್ಬು ಮೇಲೇರಿತು. ಇಂಥ ದೇಶ ಅವರು ಕಂಡಿಲ್ಲ ಎನ್ನುವುದು ಆ ಹುಬ್ಬಿನಲ್ಲೇ ಬರೆದಿತ್ತು. ಟಪಾಲಪ್ಪ ಮನಸ್ಸಿನಲ್ಲೇ ಕೈಮುಗಿದ.

ಆದರೆ ತುಂಬಿದ ಸಭೆಯಲ್ಲಿ, ಮೈಕಿನ ಮುಂದೆ, ನನಗೆ ಗೊತ್ತಿಲ್ಲ ಎನ್ನುವ ಮುಖ್ಯ ಅತಿಥಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ?

"ಅಪರೂಪ!" ಎಂದರು ಪೋಸ್ಟ್ ಮಾಸ್ಟರು. "ಅತ್ಯಂತ ಅಪರೂಪ! ನನ್ನ ಇಡೀ ಸೇವೆಯಲ್ಲಿ ಈ ದೇಶದ ಸ್ಟಾಂಪು ನೋಡಿದ್ದು ಒಂದೇ ಒಂದು ಸಲ. ಅದೂ ದೂರದಿಂದ. ನಮ್ಮ ನಿರ್ದೇಶಕರು ಧನ್ಯರು!"

ಚಪ್ಪಾಳೆಗೆ ಸೂರು ಹಾರಿಹೋಗುವಂತಾಯಿತು. ಅದೇ ಹೊತ್ತಿಗೆ ಹಿತ್ತಿಲಲ್ಲಿ ರದ್ದಿಯವನು ಮೊದಲ ಪೆಟ್ಟಿಗೆಯನ್ನು ಎತ್ತಿ ಗಾಡಿಗೆ ಹಾಕಿ, ಅದು ಹಿಡಿಸಲೆಂದು ಮೇಲೆ ಕಾಲಿಟ್ಟು ತುಳಿಯತೊಡಗಿದ. ದೀಪಸ್ತಂಭದವನ ಮೀನೊಂದು ಬಿರುಕಿನಿಂದ ಜಾರಿ ಮಣ್ಣಿಗೆ ಬಿತ್ತು.

ಟಪಾಲಪ್ಪ ಎದ್ದ. ಹೆಂಡತಿ ಎಳೆದಳು. ಅವನು ಹೆಂಡತಿಯನ್ನೂ ಎಳೆದುಕೊಂಡೇ ಎದ್ದ.

"ನಿಲ್ಸೀ!" ಎಂದು ಕೂಗಿದ. ಹತ್ತಿಯ ಉಂಡೆ ಹಾರಿ ಮುಂದಿನ ಸಾಲಿನ ಹೂಗುಚ್ಛದೊಳಗೆ ಬಿತ್ತು. "ಅದು ನಂದು! ಆ ಪೆಟ್ಟಿಗೆ ನಂದು, ಈ ಸ್ಟಾಂಪೂ ನಂದು! ಅಂಥ ದೇಶವೇ ಇಲ್ಲ! ಅದು ತಕ್ಕಡಿ ಮುಳ್ಳಲ್ಲ, ಸೂಜಿ. ಆ ಮುಖ ಕೆತ್ತಿದ್ದು ನಾನೇ!"

ಟಪಾಲಪ್ಪ ಸಿಡಿಲಿಗೆ ಸಿದ್ಧನಾಗಿ ಕಣ್ಣು ಮುಚ್ಚಿಕೊಂಡ. ಆಗ ಹೆಡ್ ಗುಮಾಸ್ತರು ಕನಿಕರದಿಂದ ನಕ್ಕರು. ಅವರ ಹಿಂದೆ ಸಾಲು ಸಾಲಾಗಿ ಎಲ್ಲರೂ ನಕ್ಕರು.

"ಪಾಪ, ಹಲ್ಲುನೋವು ತಲೆಗೇರಿದೆ," ಎಂದರು ಹೆಡ್ ಗುಮಾಸ್ತರು.

"ಹೊಟ್ಟೆಕಿಚ್ಚು," ಎಂದರು ಪೋಸ್ಟ್ ಮಾಸ್ಟರು. "ಸಾಧಕರಿಗೆ ಇದೆಲ್ಲ ಇದ್ದದ್ದೇ."

"ಕೂತ್ಕೊಳ್ರಿ ಟಪಾಲಪ್ಪ," ಎಂದರು ನಿರ್ದೇಶಕರು. "ಕ್ಷಮಿಸಿದ್ದೇನೆ."

ಮಾಡಿದ ತಪ್ಪನ್ನು ಎದೆ ತಟ್ಟಿ ಒಪ್ಪಿಕೊಂಡರೂ ಒಬ್ಬರೂ ನಂಬದಿದ್ದರೆ ಮನುಷ್ಯ ಏನು ಮಾಡಬೇಕು? ಹಿತ್ತಿಲಲ್ಲಿ ಎರಡನೆಯ ಪೆಟ್ಟಿಗೆ ಗಾಡಿ ಏರಿತ್ತು. ಟಪಾಲಪ್ಪ ಕಿಟಕಿಗೆ ಕಾಲು ಹಾಕಿದ. ಹೆಂಡತಿ "ಅಯ್ಯೋ ಹಿಡ್ಕೊಳ್ರೀ" ಎಂದಳು, ಪಾಲಿಸಿಯ ಆಸೆಗೆ ಬಂದಿದ್ದ ಭಾವಮೈದುನ ಷರಟು ಹಿಡಿದ, ಷರಟು ಅವನ ಕೈಯಲ್ಲಿ ಉಳಿಯಿತು, ಟಪಾಲಪ್ಪ ಬನಿಯನ್ನಿನಲ್ಲಿ ಹಿತ್ತಿಲಿಗೆ ಬಿದ್ದ. ರದ್ದಿಯವನು ಪೆಟ್ಟಿಗೆಯನ್ನು ಎದೆಗವಚಿಕೊಂಡು, "ತೂಗಿ ಆಗಿದೆ, ಇನ್ನು ವಾಪಸ್ ಕೊಡಲ್ಲ," ಎಂದ. ಇಬ್ಬರೂ ಎಳೆದಾಡಿದರು. ಪೆಟ್ಟಿಗೆ ಬಾಯಿ ಬಿಟ್ಟಿತು. ಲಕೋಟೆಗಳು ಹಿತ್ತಿಲ ತುಂಬ ಹರಡಿದವು. ಅವುಗಳ ನಡುವೆ ಮಂಡಿಯೂರಿ ತಡಕಾಡಿ, ಟಪಾಲಪ್ಪ ಒಂದು ಬಿಸ್ಕತ್ತಿನ ಡಬ್ಬ ಹುಡುಕಿ ತೆಗೆದ. ಅದರೊಳಗೆ ಅವನು ಕೆತ್ತಿದ ರಬ್ಬರುಗಳೂ ಶಾಯಿಯ ಡಬ್ಬಿಯೂ ಇದ್ದವು.

ಬನಿಯನ್ನಿನಲ್ಲೇ ಮುಂಬಾಗಿಲಿನಿಂದ ಒಳಗೆ ಬಂದ. ವೇದಿಕೆ ಹತ್ತಿದ. ಒಂದು ರಬ್ಬರನ್ನು ಮೊಹರಿನ ಶಾಯಿಗೆ ಅದ್ದಿ, ಪೋಸ್ಟ್ ಮಾಸ್ಟರರ ಕೈಯಲ್ಲಿದ್ದ ಭಾಷಣದ ಹಾಳೆಯ ಮೇಲೆ ಕುಟ್ಟಿದ. ಇಷ್ಟು ವರ್ಷ ಕುಟ್ಟಿದ ಕೈ, ಅಚ್ಚು ಸ್ವಚ್ಛವಾಗಿ ಮೂಡಿತು. ಬೋಳುತಲೆ, ಎರಡು ಮಡಿಕೆಯ ಗಲ್ಲ, ಮುಚ್ಚಿದ ಕಣ್ಣು, ತೆರೆದ ಬಾಯಿ.

ಈಗ ಯಾರೂ ನಗಲಿಲ್ಲ. ಪೋಸ್ಟ್ ಮಾಸ್ಟರು ಭೂತಗನ್ನಡಿಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. ಹೆಡ್ ಗುಮಾಸ್ತರು, "ನಾನು ಯಾವತ್ತಾದ್ರೂ ನಂದು ಅಂದಿದ್ನಾ?" ಎಂದು ಪಕ್ಕದವರನ್ನು ಕೇಳಿದರು. ನಿರ್ದೇಶಕರು ಅಚ್ಚನ್ನು ನೋಡಿದರು, ಗೋಡೆಯ ಚಿತ್ರವನ್ನು ನೋಡಿದರು, ಟಪಾಲಪ್ಪನನ್ನು ನೋಡಿದರು. ಅವರ ಬೋಳುತಲೆ ಹಣೆಯಿಂದ ಹಿಂದಕ್ಕೆ ಕೆಂಪಾಗುತ್ತ ಹೋಯಿತು.

"ಧ್ಯಾನ ಮಾಡ್ತಿರುವಾಗ," ಎಂದು ಹಲ್ಲು ಕಡಿದರು, "ನನ್ನ ಧ್ಯಾನದ ಹೊತ್ತಲ್ಲಿ, ನನ್ನ ಎದುರಿಗೇ ಕೂತು—"

"ಯಾವ ಧ್ಯಾನಾರೀ?" ಎಂಬ ದನಿ ಬಾಗಿಲ ಕಡೆಯಿಂದ ಬಂತು.

ನಿರ್ದೇಶಕರ ಹೆಂಡತಿ ಆಗಷ್ಟೇ ಬಂದಿದ್ದರು. ಗೋಡೆಯ ಮೇಲಿನ ಗಂಡನನ್ನು ಅವರು ಮೊದಲ ಸಲ ನೋಡುತ್ತಿದ್ದರು.

"ಸ್ಟಾಂಪಲ್ಲಿ ಬಂದಿದೆ ಅಂತ ಮನೆಯಲ್ಲಿ ಕುಣಿದದ್ದು ಇದಕ್ಕಾ? ಈ ಮುಖ ನನಗೆ ಗೊತ್ತಿಲ್ವಾ? ಮದುವೆಯಾದಾಗಿಂದ ನೋಡ್ತಾ ಇದ್ದೀನಿ. ಊಟ ಆದ್ಮೇಲೆ ಹೀಗೇ. ಇದರಲ್ಲಿ ಗೊರಕೆ ಒಂದು ಕೇಳಿಸ್ತಿಲ್ಲ." ಅವರು ಟಪಾಲಪ್ಪನ ಕಡೆ ತಿರುಗಿದರು. "ನೀವೇ ಏನ್ರೀ ಮಾಡಿದ್ದು? ಅಚ್ಚು ಹಾಗೇ ಇದೆ. ನನಗೊಂದು ಪ್ರತಿ ಬೇಕು. ನಿದ್ದೆ ಮಾಡೋದೇ ಇಲ್ಲ ಅಂತ ವಾದ ಮಾಡ್ತಾರೆ, ತೋರ್ಸೋಕೆ ಆಗುತ್ತೆ."

ಆಮೇಲೆ ಚಹಾ, ಬಿಸ್ಕತ್ತು ಇತ್ತು. ಯಾರೂ ಯಾರ ಮುಖವನ್ನೂ ನೋಡದೆ ಕುಡಿದರು, ತಿಂದರು, ಹೋದರು.

ನಿರ್ದೇಶಕರು ಟಪಾಲಪ್ಪನನ್ನು ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿಸಿದರು. ಹೊರಗೆ ಬೆಂಚಿನ ಮೇಲೆ ಹೆಂಡತಿ ಕೂತು ಗಡಿ ನಾಕೆಯ ಚಳಿಗೆ ಏನೇನು ಹೊದಿಕೆ ಬೇಕಾದೀತೆಂದು ಯೋಚಿಸುತ್ತಿದ್ದಳು. ಒಳಗೆ ನಿರ್ದೇಶಕರು ಪೆನ್ನು ಕೈಯಲ್ಲಿ ಹಿಡಿದು, ಮುಂದೆ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದರು. ವರ್ಗಾವಣೆಗೆ ಕಾರಣ ಬರೆಯಬೇಕು. ಏನೆಂದು ಬರೆಯುವುದು? ನಿರ್ದೇಶಕರು ಕಚೇರಿಯಲ್ಲಿ ನಿದ್ರಿಸುತ್ತಿರುವುದನ್ನು ಚಿತ್ರಿಸಿದ್ದಾನೆ ಎಂದೇ? ಮೇಲಿನವರು ಮೊದಲು ಯಾವುದರ ಬಗ್ಗೆ ವಿಚಾರಣೆ ಮಾಡುತ್ತಾರೆ?

ಕೊನೆಗೆ ಪೆನ್ನು ಕೆಳಗಿಟ್ಟರು.

"ಇದನ್ನ ಕೆತ್ತೋಕೆ ಎಷ್ಟು ಹೊತ್ತು ಬೇಕಾಯ್ತು?"

"ನೀವು ಏಳೋ ತನಕ, ಸಾರ್."

ನಿರ್ದೇಶಕರ ತುಟಿ ಒಮ್ಮೆ ಅದುರಿತು. ಅದು ಸಿಟ್ಟೋ ಬೇರೆಯೋ ಟಪಾಲಪ್ಪನಿಗೆ ತಿಳಿಯಲಿಲ್ಲ. "ಆ ಸ್ಟಾಂಪು ಕಳಿಸಿದವರ ವಿಳಾಸ ಇಲ್ಲಿ ಬರೆದಿಡಿ. ಆ ಬ್ಲೇಡು, ಒಂದು ರಬ್ಬರು, ಅವೂ ಇಲ್ಲಿರ್ಲಿ. ಪೆಟ್ಟಿಗೆ ತಗೊಂಡು ನಡೀರಿ. ನಾಳೆಯಿಂದ ಅವು ಈ ಕಚೇರಿಯಲ್ಲಿ ಕಾಣಿಸ್ಬಾರ್ದು."

ಪೆಟ್ಟಿಗೆಗಳು ಮನೆಯ ಮೆಟ್ಟಿಲವರೆಗೆ ಬಂದವು. ಹೊಸ್ತಿಲು ದಾಟಲು ಹೆಂಡತಿ ಬಿಡಲಿಲ್ಲ. "ಆಡಿದ ಮಾತಿಗೆ ನಾನು ತಪ್ಪೋಳಲ್ಲ," ಎಂದಳು. ಪೆಟ್ಟಿಗೆಗಳು ಮೆಟ್ಟಿಲ ಕೆಳಗೆ, ಹಳೇ ಪರದೆ ಹೊದ್ದುಕೊಂಡು ಮಲಗಿದವು. ಬೆಕ್ಕು ಅವುಗಳ ಮೇಲೆ ಮಲಗಿತು.

ಕಚೇರಿಯಲ್ಲಿ ಈಗ ಹೊಸ ಶಿಸ್ತು. ಊಟದ ನಂತರ ನಿರ್ದೇಶಕರು ಕಣ್ಣು ಕಿಸಿದು ಕೂತಿರುತ್ತಿದ್ದರು. ರೆಪ್ಪೆ ಬಡಿಯಲೂ ಹೆದರುತ್ತಾರೆ ಎಂದು ಜವಾನ ಹೇಳಿದ. 'ನಿರ್ದೇಶಕರಿಗೆ' ಎಂದು ಒಂದೂ ಲಕೋಟೆ ಬರಲಿಲ್ಲ. ಇವತ್ತು ವರ್ಗಾವಣೆ ಬಂದೀತು, ನಾಳೆ ಬಂದೀತು ಎಂದು ಕಾಯುತ್ತ ಟಪಾಲಪ್ಪ ಸೊರಗಿದ. ರಾತ್ರಿ ನಿದ್ದೆ ಬಾರದಾಯಿತು. ಬಾರದ ನಿದ್ದೆ ಎಲ್ಲಿಗೆ ಹೋಗುತ್ತದೆ? ಮಧ್ಯಾಹ್ನಕ್ಕೆ ಬರುತ್ತದೆ. ಸಹಿಯ ಟ್ರೇ ಹಿಡಿದು ನಿರ್ದೇಶಕರ ಮುಂದೆ ಕುರ್ಚಿಯಲ್ಲಿ ಕಾಯುತ್ತಿದ್ದಾಗ ಒಂದೆರಡು ಸಲ ಅವನ ಕತ್ತು ವಾಲಿತ್ತು. ಎಚ್ಚರಾದಾಗ ನಿರ್ದೇಶಕರು ಎಂದಿಗಿಂತ ಶಾಂತವಾಗಿ ಇವನನ್ನೇ ದಿಟ್ಟಿಸುತ್ತಿದ್ದರು. ಮೇಜಿನ ಮೇಲೆ ರಬ್ಬರಿನ ಪುಡಿ ಉದುರಿತ್ತು. ಟಪಾಲಪ್ಪ ಗಮನಿಸಲಿಲ್ಲ.

ಆಮೇಲೊಂದು ಸಂಜೆ, ಜೀವನದಲ್ಲಿ ಮೊದಲ ಸಲ, ಪರದೇಶದ ಲಕೋಟೆಯೊಂದು ಟಪಾಲಪ್ಪನ ಸ್ವಂತ ಹೆಸರಿಗೆ, ಅವನ ಸ್ವಂತ ಮನೆಗೆ ಬಂತು. ಬಾಗಿಲಲ್ಲಿ ಇಸಿದುಕೊಂಡವನು ಭಾವಮೈದುನ. ಮೂಲೆಯಲ್ಲಿ ಸೂಜಿ-ಗುಂಡಿ ದೇಶದ ಹೊಸ ಅಂಚೆಚೀಟಿ. ಕೆತ್ತನೆ ಒರಟಾಗಿತ್ತು. ಕಲಿಯುವ ಕೈ ಎಂದು ನೋಡಿದರೇ ತಿಳಿಯುತ್ತಿತ್ತು, ಮೂಗು ಒಂದು ಕಡೆಗೆ ಜಾರಿತ್ತು. ಆದರೂ ವಾಲಿದ ಕತ್ತು, ಮಡಿಲಿನ ಟ್ರೇ, ಮುಚ್ಚಿದ ಕಣ್ಣು, ಸಾಕಷ್ಟು ತೆರೆದ ಬಾಯಿ, ಯಾವುದರಲ್ಲೂ ಅನುಮಾನಕ್ಕೆ ಎಡೆಯಿರಲಿಲ್ಲ.

ಟಪಾಲಪ್ಪ ಅದನ್ನು ನೋಡಿದ, ಮತ್ತೆ ನೋಡಿದ. ಕಳಿಸಿದವರಿಗೆ ಬರುತ್ತದೆ. ಕಾನೂನು ಇಷ್ಟೇ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿದಂತಾಗಿ ಅವನು ಜೋರಾಗಿ ನಕ್ಕ.

"ಭಾವ, ಇದು ನೀವಲ್ವಾ?" ಭಾವಮೈದುನ ಬೀದಿಗೆಲ್ಲ ಕೇಳುವಂತೆ ಕೂಗಿದ. "ಅಯ್ಯಯ್ಯೋ, ಕಚೇರಿಯಲ್ಲಿ ನಿದ್ದೆ ಹೊಡೀತಿದ್ದೀರಲ್ಲ!"

ಹೆಂಡತಿ ಅಡುಗೆಮನೆಯಿಂದ ಜಗಲಿಗೆ ಬಂದಳು. ತಮ್ಮನ ಕೈಯಿಂದ ಲಕೋಟೆ ಕಿತ್ತುಕೊಂಡಳು, ಅಂಚೆಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು, ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದಳು. ಆಮೇಲೆ ಅದನ್ನು ಹಿಡಿದುಕೊಂಡು ತಾನೇ ಹೊಸ್ತಿಲು ದಾಟಿ ಒಳಗೆ ಹೋಗಿ, ಬಹುಮಾನದ ಗೋಡೆ ಗಡಿಯಾರದ ಪಕ್ಕದ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿದಳು.

"ನಿದ್ದೆ ಅಲ್ಲ ಕಣೋ," ಎಂದಳು. "ಧ್ಯಾನ."